ಬೀಗ ನಮ್ಮದು, ನೀರು ಯಾರದು

"ಗೋಡೆ ಬೆವರ್ತಾ ಐತೆ ಮೇಡಮ್ಮೋರೆ, ಒಸಿ ಬಂದು ನೋಡಿ" ಎಂದಿತು ಫೋನಿನೊಳಗಿನ ಮುದಿ ದನಿ.

ಯಾವ ಗೋಡೆ, ಯಾರ ಮನೆ, ಈ ನಂಬರ್ ಎಲ್ಲಿ ಸಿಕ್ಕಿತು ಎಂದು ಒಂದೇ ಉಸಿರಿಗೆ ಕೇಳಿದೆ. "ನೀವೇ ಬರ್ಸಿದೀರಲ್ಲ ಗುಬ್ಬೀಲಿ, ಪಕ್ಕದ್ಮನೆ ಬಾಗ್ಲತ್ರ, ಕೆಂಪು ಬಣ್ಣದಾಗೆ" ಎಂದರು ಅಜ್ಜಿ. ಆಗ ಗೊತ್ತಾಯಿತು. ಗುಬ್ಬಿಯ ಹಳೇ ಪೇಟೆ ಬೀದಿಯಲ್ಲಿ ನಮ್ಮ ಬ್ಯಾಂಕು ಸಾಲಕ್ಕೆ ಜಪ್ತಿ ಮಾಡಿದ ತೊಟ್ಟಿ ಮನೆಯೊಂದಿತ್ತು. 'ಈ ಸ್ವತ್ತು ಬ್ಯಾಂಕಿನ ಸ್ವಾಧೀನದಲ್ಲಿದೆ, ಅತಿಕ್ರಮ ಪ್ರವೇಶ ಶಿಕ್ಷಾರ್ಹ' ಎಂದು ಗೋಡೆಗೆ ಬರೆಸಿ, ಕೆಳಗೆ ತುಮಕೂರು ಕಚೇರಿಯ ವಸೂಲಾತಿ ವಿಭಾಗದ ಮೊಬೈಲ್ ನಂಬರು ಹಾಕಿಸಿದ್ದರು. ನಾನು ಆ ವಿಭಾಗಕ್ಕೆ ಬಂದು ಕೂತಾಗ ಕುರ್ಚಿ, ಮೊಬೈಲು, ಬೀಗದ ಕೈಗಳ ಗೊಂಚಲು ಎಲ್ಲ ಒಟ್ಟಿಗೆ ನನ್ನ ಪಾಲಿಗೆ ಬಂದವು. ಕಾಯಿದೆಯ ಮಾತಿನಲ್ಲಿ ನಾನು ಆ ಮನೆಯ ಅಧಿಕೃತ ಅಧಿಕಾರಿ. ಅದರೊಳಗೆ ಒಂದು ಸಲವೂ ಕಾಲಿಟ್ಟಿರಲಿಲ್ಲ.

ಆ ನಂಬರಿಗೆ ಬರುವ ಫೋನುಗಳೆಲ್ಲ ಸಾಮಾನ್ಯವಾಗಿ ಬ್ರೋಕರ್‌ಗಳವು. ಹರಾಜು ಯಾವಾಗ, ರೇಟು ಇಳಿಯುತ್ತದಾ ಎಂದು ಕೇಳುತ್ತಾರೆ, ಇಟ್ಟುಬಿಡುತ್ತಾರೆ. ಗೋಡೆ ಬೆವರುತ್ತದೆ ಎಂದು ಯಾರೂ ದೂರಿರಲಿಲ್ಲ. ನನಗೆ ಸ್ವಲ್ಪ ಸಿಟ್ಟೇ ಬಂತು. "ಅಜ್ಜಿ, ಮಳೆಗಾಲದಲ್ಲಿ ಎಲ್ಲರ ಮನೆ ಗೋಡೇನೂ ತೇವ ಆಗುತ್ತೆ" ಎಂದೆ.

"ನಿಮ್ಮನೆ ಗೋಡೆ ಪಕ್ಕದಾಗೆ ಬಾಣಂತಿ ಮನಗವ್ಳೇನವ್ವ?" ಎಂದರು.

ನಮ್ಮ ಅಟೆಂಡರ್ ಅವರನ್ನು ಕರೆದುಕೊಂಡು ನನ್ನ ಕಾರಿನಲ್ಲೇ ಹೊರಟೆ. ಅಟೆಂಡರ್ ನಿವೃತ್ತಿಯ ಹತ್ತಿರ ಬಂದವರು. ಮಾತಾಡುವುದು ಕಡಿಮೆ, ಆಡಿದರೆ ಎದೆ ಧಸಕ್ಕೆನ್ನುವ ಮಾತೇ. "ಮಣ್ಣಿನ್ ಗೋಡೆ ಒಂದ್ಸಲ ನೀರು ಕುಡುದ್ರೆ ಆಯ್ತು ಮೇಡಂ, ಯಾವಾಗ ಕೂರ್ತದೆ ಅಂತ ಯಾರ್ಗೂ ಹೇಳಕ್ಕಾಗಲ್ಲ" ಎಂದರು ಗುಬ್ಬಿ ಬರುವ ಹೊತ್ತಿಗೆ.

ಆ ಬೀದಿಯ ಹಳೇ ಮನೆಗಳಿಗೆ ಎರಡೆರಡು ಗೋಡೆ ಕಟ್ಟುವ ರೂಢಿಯಿಲ್ಲ. ನಡುವೆ ಒಂದೇ ದಪ್ಪ ಮಣ್ಣಿನ ಗೋಡೆ. ಈ ಕಡೆ ಇವರ ತೊಲೆ, ಆ ಕಡೆ ಅವರ ತೊಲೆ. ಜಪ್ತಿಯಾದ ಮನೆಗೂ ಅಜ್ಜಿಯ ಮನೆಗೂ ಹಾಗೇ ಒಂದೇ ಗೋಡೆ. ಅಜ್ಜಿಯದು ಚಿಕ್ಕ ಮನೆ. ಮುಂದೆ ಶೀಟು ಹೊದಿಸಿದ ಪಡಸಾಲೆ, ಹಿಂದೆ ಕತ್ತಲೆ ಕೋಣೆ. ಆ ಕೋಣೆಯಲ್ಲಿ ಮಗಳು ತಲೆಗೆ, ಕಿವಿಗೆ ಬಟ್ಟೆ ಬಿಗಿದುಕೊಂಡು ಮಂಚದ ಮೇಲೆ ಮಲಗಿದ್ದಳು. ಪಕ್ಕದಲ್ಲಿ ಕೂಸು ನಿದ್ದೆಯಲ್ಲಿತ್ತು. ಸಾಂಬ್ರಾಣಿ ಹೊಗೆಗೆ ಕಣ್ಣು ಉರಿಯಿತು. ಮಂಚ ಗೋಡೆಗೆ ಒತ್ತಿಕೊಂಡೇ ಇತ್ತು, ಬೇರೆ ಕಡೆ ಹಾಕಲು ಜಾಗವೂ ಇರಲಿಲ್ಲ.

ಗೋಡೆ ಸೊಂಟದ ಮಟ್ಟದವರೆಗೆ ಕಪ್ಪಗಾಗಿತ್ತು. ಗಾರೆ ಕಿತ್ತುಹೋದ ಕಡೆ ಅಜ್ಜಿ ಗೋಣಿಚೀಲ ಒತ್ತಿಟ್ಟಿದ್ದರು. ಚೀಲ ಸರಿಸಿ ಹೆಬ್ಬೆರಳಿನಿಂದ ಒತ್ತಿದೆ. ಬೆರಳು ಒಳಗೆ ಹೋಯಿತು. ಕೈ ತೆಗೆದ ಮೇಲೂ ಆ ತಣ್ಣಗಿನ ಮೆತ್ತನೆಯ ಸ್ಪರ್ಶ ಬೆರಳಲ್ಲೇ ಉಳಿಯಿತು. ನನಗೆ ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ.

"ಅಜ್ಜಿ, ಇವತ್ತೇ ಇವರನ್ನ ಬೇರೆ ಕಡೆ ಮಲಗ್ಸಿ" ಎಂದೆ.

"ತೊಟ್ಲು ಹಾಕೋಗಂಟ ಬಾಣಂತಿ ಹೊಸ್ಲು ದಾಟಂಗಿಲ್ಲ ಕಣವ್ವ. ಮುಂದ್ಗಡೆ ಶೀಟು, ಗಾಳಿ ಹೊಡೀತದೆ. ಮಗೀಗೆ ಶೀತ ಹತ್ತಿದ್ರೆ ಯಾರು ನೋಡೋರು? ನೀವು ನಿಮ್ಮನೆ ನೀರು ತೆಗೀರಿ. ನಮ್ಮೋಳ್ನ ಯಾಕೆ ಎಬ್ಬುಸ್ತೀರಿ?"

ಮಾತಿನಲ್ಲಿ ತಪ್ಪೇನಿತ್ತು? ನಾನು ಪಕ್ಕದ ಮನೆಯ ಬಾಗಿಲಿಗೆ ಬಂದೆ.

ಬೀಗಕ್ಕೆ ಬಟ್ಟೆ ಸುತ್ತಿ ಅರಗಿನ ಸೀಲು ಒತ್ತಿದ್ದದ್ದು ಹಾಗೇ ಇತ್ತು. ಬಾಗಿಲ ಮೇಲೆ ನಮ್ಮ ಸ್ವಾಧೀನದ ನೋಟೀಸು, ಅದರ ಮೇಲೆ ನಮ್ಮದೇ ಹರಾಜಿನ ನೋಟೀಸು. ಸೊಳ್ಳೆ ಕಾಟವೆಂದು ಬೀದಿಯವರು ದೂರು ಕೊಟ್ಟಿದ್ದಕ್ಕೆ ಯಾವುದೋ ಕಚೇರಿಯವರು ಬಂದು ಇನ್ನೊಂದು ಅಂಟಿಸಿದ್ದರು. ಮನೆಯ ಮಾಲೀಕರು ಕೂಡಲೇ ಒಳಗಿನ ನೀರು ತೆರವು ಮಾಡಬೇಕಂತೆ. ಓದಬೇಕಾದ ಮಾಲೀಕನನ್ನು ಆಚೆ ಹಾಕಿ ಬೀಗ ಜಡಿದವರು ನಾವು. "ಬಾಗ್ಲಿಗೆ ಓದಕ್ಕೆ ಬಂದಿದ್ರೆ ಕೆಲ್ಸ ಆಗಿರೋದು ಮೇಡಂ" ಎಂದರು ಅಟೆಂಡರ್. ಕಿಟಕಿಯ ಸಂದಿನಲ್ಲಿ ಕಣ್ಣಿಟ್ಟು ನೋಡಿದೆ. ಒಳಗೆ, ಮೇಲೆ ಸೂರಿಲ್ಲದ ನಡುವಿನ ತೊಟ್ಟಿಯಲ್ಲಿ ನೀರು ಹೊಳೆಯುತ್ತಿತ್ತು.

ಜಗಲಿಯ ಮೇಲೆ ಕೂತು ನಮ್ಮ ಪ್ರಾದೇಶಿಕ ಕಚೇರಿಯ ಮುಖ್ಯಸ್ಥರಿಗೆ ಫೋನು ಹಚ್ಚಿದೆ. ಪೂರ್ತಿ ಕೇಳಿಸಿಕೊಂಡರು. "ಸೀಲ್ ಮುಟ್ಟಬೇಡಿ. ಆ ಸಾಲಗಾರ ಕೇಸ್ ಹಾಕಿದಾನೆ. ನಾಳೆ ಒಳಗಿದ್ದ ಬೆಳ್ಳಿ ಹೋಯ್ತು, ಬಂಗಾರ ಹೋಯ್ತು ಅಂದ್ರೆ ನಿಮ್ಮ ತಲೆಗೇ ಬರೋದು. ಲೀಗಲ್ ಒಪಿನಿಯನ್ ತಗೊಳೋಣ" ಎಂದರು.

"ಅಷ್ಟರಲ್ಲಿ ಗೋಡೆ ಬಿದ್ರೆ ಸರ್?"

"ಪ್ರೊಸೀಜರ್ ಅಂತ ಒಂದಿದೆಯಲ್ಲಮ್ಮ."

ಆ 'ಅಮ್ಮ' ಕೇಳಿ ನನ್ನ ಮೈ ಉರಿಯಿತು. ಆದರೂ ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಜಪ್ತಿ ಮಾಡಿದ ಮನೆಯನ್ನು ಒಬ್ಬರೇ ಹೋಗಿ ತೆರೆದು ಆಮೇಲೆ ಒದ್ದಾಡಿದವರನ್ನು ನಾನೇ ಕಂಡಿದ್ದೆ. ಮಂಚವನ್ನಾದರೂ ಗೋಡೆಯಿಂದ ಒಂದಿಷ್ಟು ಈಚೆಗೆ ಎಳೆಯಿರಿ ಎಂದು ಅಜ್ಜಿಗೆ ಅಂಗಲಾಚಿದೆ. ಒಂದು ಮೊಳ ಎಳೆದರು, ಕಾಲಿಡಲು ಜಾಗವಿಲ್ಲದಂತಾಯಿತು. ಅಷ್ಟು ಮಾಡಿಸಿ ತುಮಕೂರಿಗೆ ಮರಳಿದೆ.

ನಮ್ಮ ಕಾಯಿದೆಯ ನಿಯಮಗಳಲ್ಲಿ ಒಂದು ಸಾಲಿದೆ. ಸ್ವಾಧೀನಕ್ಕೆ ತೆಗೆದುಕೊಂಡ ಆಸ್ತಿಯನ್ನು, ತಿಳಿವಳಿಕೆಯುಳ್ಳ ಮಾಲೀಕ ತನ್ನ ಆಸ್ತಿಯನ್ನು ನೋಡಿಕೊಳ್ಳುವಂತೆ ಅಧಿಕಾರಿ ನೋಡಿಕೊಳ್ಳಬೇಕು ಎಂಬ ಅರ್ಥದ್ದು. ಬಡ್ತಿ ಪರೀಕ್ಷೆಗೆ ಅದನ್ನು ಉರು ಹೊಡೆದು ಬರೆದಿದ್ದೆ. ಅದರ ಹಿಂದೆ ತೊಟ್ಟಿ ಮನೆಯೊಂದು ಇರುತ್ತದೆ, ಅದರ ಪಕ್ಕ ಬಾಣಂತಿ ಮಲಗಿರುತ್ತಾಳೆ ಎಂದು ಹೊಳೆದಿರಲಿಲ್ಲ. ಸೀಲು ತೆಗೆಯುವುದಾದರೆ ಹೇಗೆ ತೆಗೆಯಬೇಕು ಎಂದು ಯೋಚಿಸಿದೆ. ಕಳವಿನ ಆರೋಪ ಹೊರಿಸಬಲ್ಲವನು ಸಾಲಗಾರ ಒಬ್ಬನೇ. ಅವನ ಎದುರಿಗೇ ತೆರೆದರೆ? ಜೊತೆಗೆ ಆ ಮನೆಯ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿತ್ತು ಎಂಬುದೂ ಅವನಿಗೇ ತಾನೆ ಗೊತ್ತಿರುವುದು.

ಮಾರನೇ ದಿನ ಬೆಳಿಗ್ಗೆಯೇ ಅಟೆಂಡರ್ ಜೊತೆ ಕುಣಿಗಲ್‌ಗೆ ಹೋದೆ. ಸಾಲಗಾರ ಕಡಬದ ಹತ್ತಿರ ತೆಂಗಿನ ನಾರಿನ ಕಾರ್ಖಾನೆ ಇಟ್ಟಿದ್ದವರು. ಅದು ಮುಚ್ಚಿ, ಅಡವಿಟ್ಟ ಮನೆಯೂ ಹೋದ ಮೇಲೆ ಹೆಂಡತಿಯ ಜೊತೆ ಕುಣಿಗಲ್ ಸೇರಿ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ನಾವು ಹೋದಾಗ ಮೊಳೆ ತೂಗುತ್ತಿದ್ದರು. ನನ್ನ ಕೊರಳಿನ ಬ್ಯಾಂಕಿನ ಗುರುತಿನ ಚೀಟಿ ಕಂಡು ತಕ್ಕಡಿ ಕೆಳಗಿಟ್ಟರು.

"ಇನ್ನೇನು ತಗಂಡೋಗಕ್ಕೆ ಬಂದ್ರಿ?"

"ಏನೂ ಇಲ್ಲ. ಮನೇಲಿ ನೀರು ನಿಂತಿದೆ. ಅದು ಆಚೆಗೆ ಹೋಗೋ ದಾರಿ ಎಲ್ಲಿದೆ ಅಂತ ಕೇಳಕ್ಕೆ ಬಂದೆ."

"ಬೀಗ ನಿಮ್ದು, ಸೀಲು ನಿಮ್ದು, ನೀರು ಮಾತ್ರ ನಂದಾ?" ಎಂದರು. ದನಿ ಏರಿಸಲಿಲ್ಲ. ಗಿರಾಕಿಗೆ ಮೊಳೆಯ ಪೊಟ್ಟಣ ಕಟ್ಟಿಕೊಟ್ಟು ಚಿಲ್ಲರೆ ಎಣಿಸಿದರು. "ಹೋದ್ ಮುಂಗಾರಲ್ಲಿ ಹೆಂಚು ಜರುಗವೆ, ಸರಿ ಮಾಡ್ಕಂಡು ಬತ್ತೀನಿ ಅಂತ ನಿಮ್ಮ ಆಫೀಸಿಗೆ ಬಂದಿದ್ದೆ. ಮನೆಯೊಳಗೆ ಕಾಲಿಟ್ರೆ ಕೇಸು ಅಂದ್ರು. ಈಗ ನೀವೇ ಬಂದು ಕರೀತೀರಿ."

ಹಾಗೆ ಅಂದವರು ನನಗಿಂತ ಹಿಂದೆ ಆ ಕುರ್ಚಿಯಲ್ಲಿ ಕೂತಿದ್ದವರು. ಅದನ್ನು ಹೇಳಿ ನಾನು ಜಾರಿಕೊಳ್ಳಬಹುದಿತ್ತು. ಆದರೆ ಈ ಸಾಲಗಾರರಿಗೆ ಕುರ್ಚಿ ಮುಖ್ಯವೇ ಹೊರತು ಅದರಲ್ಲಿ ಯಾರು ಕೂತಿದ್ದರು ಎಂಬುದಲ್ಲ. "ಪಕ್ಕದ ಮನೆ ಅಜ್ಜಿ ಮಗಳು ಬಾಣಂತಿ. ಆ ಗೋಡೆ ಪಕ್ಕದಲ್ಲೇ ಮಲಗಿದಾಳೆ. ಗೋಡೆ ನೆನೆದು ಹೋಗಿದೆ" ಎಂದೆ.

ಅವರ ಕೈ ನಿಂತಿತು. "ಅವ್ಳಾ? ನಮ್ಮ ತೊಟ್ಟೀಲೆ ಕುಂಟಾಬಿಲ್ಲೆ ಆಡ್ಕಂಡು ಬೆಳೆದೋಳು" ಎಂದರು. ಆಮೇಲೆ ತಮ್ಮಷ್ಟಕ್ಕೆ ಹೇಳಿಕೊಳ್ಳುವಂತೆ, "ಎಂಥಾ ಮಳೆ ಬಂದ್ರೂ ನಮ್ಮ ತೊಟ್ಟೀಲಿ ನೀರು ನಿಂತಿದ್ದೇ ಇಲ್ಲ. ಮೂಲೇಲಿ ಮೋರಿ ಐತೆ, ಗೋಡೆ ತಳದಾಗೆ ಹೋಗಿ ಅವ್ರ ಬಚ್ಚಲ ಹಿಂದಿನ ಓಣಿಗೆ ಬೀಳ್ತದೆ. ಅದು ಯಾಕೆ ಕಟ್ಕಂತು?" ಎಂದರು. ಒಳಗೆ ಹೋಗಿ ಅಂಗಡಿಯ ಯಜಮಾನರ ಹತ್ತಿರ ಏನೋ ಹೇಳಿ, ಒಂದು ಹಾರೆ ಹಿಡಿದುಕೊಂಡೇ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತರು.

ಗುಬ್ಬಿಗೆ ಸಿ.ಎಸ್. ಪುರದ ಮೇಲಿನ ದಾರಿ ಹಿಡಿದೆವು. ಅಲ್ಲಿಗೆ ಬರುವಷ್ಟರಲ್ಲಿ ದಪ್ಪ ಹನಿಗಳು ಗಾಜಿಗೆ ಬಿದ್ದವು. ಕಡಬದ ಕೆರೆಯ ಕಡೆ ಆಕಾಶ ಕರ್ರಗಾಗಿತ್ತು. "ಮಳೆ ನಮಗಿಂತ ಮುಂದೆ ಹೋಯ್ತಾ ಐತೆ ಮೇಡಂ" ಎಂದರು ಅಟೆಂಡರ್. "ನೀವು ಸುಮ್ನಿರ್ರೀ" ಎಂದು ರೇಗಿದೆ. ಅಂಥ ಹೊತ್ತಲ್ಲಿ ನಾನು ಯಾರ ಮೇಲಾದರೂ ರೇಗಲೇಬೇಕು.

ಬೀದಿಗೆ ಬಂದು ಇಳಿದಾಗ ಮಳೆ ಹಿಡಿದಿತ್ತು. ಅಜ್ಜಿ ಬಾಗಿಲಲ್ಲೇ ನಿಂತಿದ್ದರು. "ಬೆಳಿಗ್ಗೆಯಿಂದ ಗೋಡೆ ಒಳ್ಗೆ ಸದ್ದು ಬತ್ತಾ ಐತೆ. ಇಲಿ ಕೆರೆದಂಗೆ" ಎಂದರು. ಕೊನೆಯ ಸಲ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅಪ್ರೂವಲ್ ಬರೋವರೆಗೂ ಮುಟ್ಟಕೂಡದು ಎಂದರು. "ಮುಟ್ತಾ ಇದೀನಿ ಸರ್. ತಿಳಿಸೋದಕ್ಕೆ ಫೋನ್ ಮಾಡಿದ್ದು" ಎಂದು ಇಟ್ಟುಬಿಟ್ಟೆ. ಕೆಲಸಕ್ಕೆ ಸೇರಿದ ಮೇಲೆ ಮೇಲಿನವರ ಫೋನನ್ನು ನಾನಾಗಿ ಇಟ್ಟದ್ದು ಅದೇ ಮೊದಲು.

ಅಟೆಂಡರ್ ಮೊಬೈಲಿನಲ್ಲಿ ವಿಡಿಯೋ ಹಿಡಿದರು. ಎದುರು ಮನೆಯ ಇಬ್ಬರನ್ನು ಸಾಕ್ಷಿಗೆ ಕರೆದೆ. ಸೀಲು ಇಡಿಯಾಗಿರುವುದನ್ನು ತೋರಿಸಿ, ಯಾಕೆ ತೆರೆಯುತ್ತಿದ್ದೇನೆ ಎಂದು ಗಟ್ಟಿಯಾಗಿ ಹೇಳಿ, ಅರಗು ಒಡೆದು ಬೀಗ ತೆಗೆದೆ. ಬಾಗಿಲು ಉಬ್ಬಿಕೊಂಡಿತ್ತು, ಭುಜ ಕೊಟ್ಟು ತಳ್ಳಬೇಕಾಯಿತು. ಹಿಂದೆ ತಿರುಗಿದರೆ ಸಾಲಗಾರ ಹೊಸ್ತಿಲಾಚೆ ಮಳೆಯಲ್ಲೇ ನಿಂತಿದ್ದಾರೆ.

"ಬನ್ನಿ ಅಂತ ನೀವು ಬಾಯ್ಬಿಟ್ಟು ಹೇಳಿ ಮೇಡಂ. ಅದ್ರಾಗೆ ರೆಕಾರ್ಡ್ ಆಗ್ಲಿ" ಎಂದರು ಮೊಬೈಲ್ ತೋರಿಸಿ.

"ಒಳಗೆ ಬನ್ನಿ" ಎಂದೆ. ಅವರು ಹುಟ್ಟಿದ ಮನೆ ಅದು.

ತೊಟ್ಟಿಯಲ್ಲಿ ಮೊಣಕಾಲು ಮುಳುಗುವಷ್ಟು ನೀರು. ಸುತ್ತಲಿನ ಸೂರಿನಿಂದ ಮತ್ತೂ ಸುರಿಯುತ್ತಿತ್ತು. ಒಂದು ಮಣೆ, ಹಳೇ ಚಪ್ಪಲಿ ತೇಲುತ್ತಿದ್ದವು. ನೀರು ತೊಟ್ಟಿಯ ಅಂಚು ದಾಟಿ ಆ ಜಂಟಿ ಗೋಡೆಯ ಬುಡ ಮುಟ್ಟಿತ್ತು. ಅವರು ಸುತ್ತಲೂ ಏನನ್ನೂ ನೋಡಲಿಲ್ಲ. ಪಂಚೆ ಎತ್ತಿ ಕಟ್ಟಿ ನೇರ ಇಳಿದರು, ಕಾಲಲ್ಲೇ ತಡಕಿ ಮೋರಿಯ ಕಲ್ಲು ಕಂಡುಹಿಡಿದು, ಬಗ್ಗಿ ಕೈ ಹಾಕಿ ಕಸ, ಎಲೆ, ಕೊಳೆತ ಗೋಣಿ ಎಳೆದು ಹಾಕಿದರು. ನೀರು ಅಲುಗಲಿಲ್ಲ. ಹಾರೆಯನ್ನು ಒಳಗೆ ತೂರಿಸಿದರು. ಅರ್ಧ ಹೋಗಿ ಟಣ್ ಎಂದು ನಿಂತಿತು.

"ಆಚೆ ಕಡೆಯಿಂದ ಕಟ್ಟವ್ರೆ" ಎಂದರು.

ಓಣಿಗೆ ಓಡಿದೆವು. ಅಜ್ಜಿಯ ಬಚ್ಚಲ ಹಿಂದೆ, ಗೋಡೆಯ ಬುಡದಲ್ಲಿ, ಮೋರಿಯ ಬಾಯಿ ಇರಬೇಕಾದ ಕಡೆ ಸಿಮೆಂಟಿನ ತೇಪೆ. ನುಣ್ಣಗೆ ಸವರಿದ್ದು, ಹೊಸದು. ನಾವು ಅದನ್ನು ನೋಡಿದೆವು, ಆಮೇಲೆ ಅಜ್ಜಿಯನ್ನು ನೋಡಿದೆವು. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

"ನಾನೇ ಹಾಕ್ಸಿದ್ದು" ಎಂದರು. "ಖಾಲಿ ಮನೆಯಿಂದ ಹಾವು ಬಂತು ಕಣಪ್ಪ, ಈ ಕಂಡೀಲೆ. ಬಚ್ಚಲಿಗೇ ಬಂತು. ಹೆರಿಗೆಗೆ ಮಗ್ಳು ಬತ್ತಾವ್ಳೆ, ಕೂಸು ಬತ್ತದೆ. ಇನ್ನೇನು ಮಾಡ್ಲಿ? ಗಾರೆಯೋನ್ನ ಕರ್ಸಿ ಮುಚ್ಚುಸ್ದೆ. ಅದು ನಿಮ್ಮನೆ ನೀರು ಹೋಗೋ ಕಂಡಿ ಅನ್ನೋದೇ ತಲೇಗೆ ಬರ್ನಿಲ್ಲ. ಜನವೇ ಇಲ್ದ ಮನೇಲಿ ನೀರೆಲ್ಲಿಂದ ಬತ್ತದೆ ಅಂದ್ಕಂಡೆ."

ಸಾಲಗಾರ ತೇಪೆಯನ್ನು ಬೆರಳಿನಿಂದ ತಟ್ಟಿ ನೋಡಿದರು. "ಒಡೀಬೈದು. ಆದ್ರೆ ಏಟು ಗೋಡೆಗೂ ತಗಲ್ತದೆ. ಕ್ವಾಣೇಲಿ ಯಾರೂ ಇರಬಾರ್ದು" ಎಂದರು. ಒಡೆಯದೆ ಬಿಡುವಂತೆಯೂ ಇರಲಿಲ್ಲ, ನೀರು ಕಣ್ಣೆದುರೇ ಏರುತ್ತಿತ್ತು.

ಅಜ್ಜಿ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಮಳೆಯಲ್ಲಿ, ಗಾಳಿಯಲ್ಲಿ ಹಸಿ ಬಾಣಂತಿಯನ್ನು ಬೀದಿಗೆ ತರುವುದೇ? ಕೂಸಿಗೆ ಏನಾದರೂ ಆದರೆ ನೀವು ಹೊಣೆಯೇ ಎಂದು ನನ್ನನ್ನೇ ಕೇಳಿದರು. ಹೌದು ಎನ್ನಲು ನನಗೂ ಧೈರ್ಯವಿರಲಿಲ್ಲ. ಆಗ ನನ್ನ ಕಣ್ಣು ಕಾರಿನ ಮೇಲೆ ಬಿತ್ತು. ಬಾಗಿಲಿಗೆ ಒತ್ತಿ ನಿಲ್ಲಿಸಿ ಗಾಜು ಏರಿಸಿದರೆ ಒಳಗೆ ಗಾಳಿಯ ಸುಳಿವಿಲ್ಲ. "ಅಜ್ಜಿ, ಇದನ್ನೇ ಕೋಣೆ ಅಂದ್ಕೊಳ್ಳಿ. ಬೇಕಾದ್ರೆ ಸಾಂಬ್ರಾಣಿ ಹಾಕಿ, ನಾನು ಬೇಡ ಅನ್ನಲ್ಲ" ಎಂದೆ.

ಅವರು ಇನ್ನೂ ಏನೋ ಹೇಳುತ್ತಿದ್ದರು. ಒಳಗಿನಿಂದ ಮಗಳೇ ಎದ್ದು ಬಂದಳು, ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು. "ಹೊಸ್ಲು ಆಮೇಲೆ ನೋಡ್ಕಳಣ ಬುಡವ್ವ. ನಂಗೆ ಆ ಸದ್ದು ಕೇಳಕ್ಕಾಗ್ತಿಲ್ಲ" ಎಂದಳು. ಅಜ್ಜಿ ಅವಳ ಮುಖ ನೋಡಿ ಸೋತರು. ಒಳಗೆ ಹೋಗಿ ಅಡಕೆ ಕತ್ತರಿ ತಂದು, ಕೈಯಲ್ಲಿ ಕಬ್ಬಿಣ ಇರಲಿ ಎಂದು ಮಗಳಿಗೆ ಹಿಡಿಸಿ, ತಲೆಯ ಮೇಲೆ ಕಂಬಳಿಯ ಗೊಪ್ಪೆ ಹೊದಿಸಿ ಕಾರಿಗೆ ಹತ್ತಿಸಿದರು. ಸಾಲದ ನೋಟೀಸುಗಳ ಕಟ್ಟು ಇದ್ದ ಸೀಟಿನ ಮೇಲೆ ಕೂಸು ಮಲಗಿತು.

ಹಾರೆಯನ್ನು ಸಾಲಗಾರ ಬೇರೆಯವರಿಗೆ ಕೊಡಲಿಲ್ಲ. ಗೋಡೆಗೆ ಅದುರು ತಾಗದಂತೆ ಅಂಚಿನಿಂದ ಚೂರುಚೂರೇ ಎಬ್ಬಿಸಿದರು. ಪ್ರತಿ ಏಟಿಗೂ ನಾನು ಗೋಡೆಯನ್ನೇ ನೋಡುತ್ತಿದ್ದೆ. ತೇಪೆ ಬಿರುಕು ಬಿಟ್ಟು ಸಣ್ಣಗೆ ನೀರು ಜಿನುಗಿತು, ಆಮೇಲೆ ಒಂದು ತುಂಡು ಕಳಚಿದ್ದೇ ತಡ ಕಪ್ಪು ನೀರು ಭರ್ರನೆ ನುಗ್ಗಿತು. ಅಟೆಂಡರ್ ಮೊಬೈಲ್ ಎತ್ತಿ ಹಿಡಿದು ಪಕ್ಕಕ್ಕೆ ಹಾರಿದರು. ಓಣಿ ತುಂಬಾ ನಾರುವ ನೀರು, ಕಪ್ಪೆಗಳು. ತೊಟ್ಟಿಯ ನೀರು ಇಳಿಯುವುದನ್ನು ನೋಡಲು ನಾನು ಒಳಗೆ ಹೊರಟೆ.

ಅಷ್ಟರಲ್ಲಿ ಅಜ್ಜಿಯ ಮನೆಯೊಳಗೆ ಧೊಪ್ಪೆಂದು ಸದ್ದಾಯಿತು.

ಹೋಗಿ ನೋಡಿದೆವು. ಗೋಡೆಯ ಈಚೆ ಮೈ, ಮಂಚದ ಉದ್ದಕ್ಕೂ, ಕಳಚಿ ಬಿದ್ದಿತ್ತು. ಮಂಚದ ಕಾಲು ಮುರಿದಿತ್ತು. ಕೂಸಿನ ಪುಟ್ಟ ದಿಂಬಿನ ಮೇಲೆ ಬಿದ್ದ ಮಣ್ಣಿನ ಹೆಂಟೆಯನ್ನು ಎತ್ತಲು ಎರಡು ಕೈ ಬೇಕಾಗಿತ್ತು. ಅಜ್ಜಿ ಬಾಗಿಲಲ್ಲಿ ನಿಂತು ನೋಡಿದರು. ತಿರುಗಿ ಹೋಗಿ ಕಾರಿನೊಳಗೆ ಮಗಳ ಪಕ್ಕ ಕೂತು ಅವಳ ಪಾದ ಹಿಡಿದುಕೊಂಡರು. ನಾನು ಓಣಿಗೆ ಬಂದು ಗೋಡೆಗೆ ಒರಗದೆ, ಬರೀ ಮಳೆಯಲ್ಲಿ ನಿಂತು ಅತ್ತುಬಿಟ್ಟೆ.

ಬಿದ್ದ ಗೋಡೆಯ ಫೋಟೋ ತೆಗೆದು ಕಳಿಸಿದ ಮೇಲೆ ಮುಖ್ಯಸ್ಥರೇ ಫೋನ್ ಮಾಡಿದರು. ಬಾಣಂತಿ ಹೇಗಿದಾಳೆ ಎಂದು ಮೊದಲು ಕೇಳಿದರು, ಅದಕ್ಕೆ ಅವರ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು. ಆಮೇಲೆ, "ಮೋರಿ ಮುಚ್ಚಿದ್ದು ಯಾರು? ಪಕ್ಕದವರೇ ಮುಚ್ಚಿದ್ರೆ ಗೋಡೆ ಅವ್ರೇ ಕಟ್ಕೋಬೇಕು, ನಮಗೆ ಸಂಬಂಧ ಇಲ್ಲ" ಎಂದರು.

"ಸರ್, ಅವ್ರೇ ಮುಚ್ಚಿದ್ದು. ಹಾವಿಗೆ ಹೆದರಿ. ಮನೇಲಿ ಜನ ಇದ್ದಿದ್ರೆ ಹಾವು ಸೇರ್ತಿರ್ಲಿಲ್ಲ. ಜನ ಇಲ್ದಂಗೆ ಮಾಡಿದ್ದು ಯಾರು? ಮಾಲೀಕ ರಿಪೇರಿ ಮಾಡ್ತೀನಿ ಅಂತ ಬಂದಾಗ ವಾಪಸ್ ಕಳ್ಸಿದ್ದು ಯಾರು? ಅಜ್ಜಿ ಹೆಸರು ನಾನು ರಿಪೋರ್ಟಲ್ಲಿ ಬರೀತೀನಿ. ಅದರ ಮೇಲೆ ಇದನ್ನೂ ಬರೀತೀನಿ."

"ಎಸ್ಟಿಮೇಟ್ ಹಾಕ್ಸಿ ಕಳ್ಸಿ" ಎಂದರು ಮುಖ್ಯಸ್ಥರು. ಅನುಮತಿಯಿಲ್ಲದೆ ಸೀಲು ಒಡೆದಿದ್ದಕ್ಕೆ ನನಗೊಂದು ಮೆಮೊ ಬಂತು. ಅದಕ್ಕೆ ಉತ್ತರವಾಗಿ ಪರೀಕ್ಷೆಗೆ ಉರು ಹೊಡೆದಿದ್ದ ಆ ಸಾಲನ್ನೇ ಬರೆದು ಕಳಿಸಿದೆ. ಇನ್ನೂ ಅದು ಯಾರದೋ ಮೇಜಿನ ಮೇಲಿದೆ.

ಎದುರು ಮನೆಯವರು ಬಾಣಂತಿಗೆ ಕೋಣೆ ಬಿಟ್ಟುಕೊಟ್ಟರು, ತೊಟ್ಟಿಲನ್ನೂ ಅಲ್ಲೇ ಹಾಕಿದರು. ಬ್ಯಾಂಕಿನ ಖರ್ಚಿನಲ್ಲೇ ಗೋಡೆಯನ್ನು ಅಡಿಯಿಂದ ಕಲ್ಲಿಟ್ಟು ಕಟ್ಟಿಸಿದೆವು. ಸಾಲಗಾರ ರಜಾ ದಿನಗಳಲ್ಲಿ ಕುಣಿಗಲ್‌ನಿಂದ ಬಂದು ಹೆಂಚು ಕೂರಿಸಿದರು. ಬರಲಿ ಎಂದು ನಾನೇ ಬರೆದುಕೊಟ್ಟಿದ್ದೆ. ಕೊನೆಯ ದಿನ ಅವರು ಕಬ್ಬಿಣದ ಜಾಲರಿ ತಂದು ಮೋರಿಯ ಬಾಯಿಗೆ ಕೂರಿಸಿದರು. ನೀರು ಹೋಗುತ್ತದೆ, ಹಾವು ಬರುವುದಿಲ್ಲ. ಅಜ್ಜಿ ಬಗ್ಗಿ ಅದರೊಳಗೆ ಬೆರಳು ತೂರಿಸಿ ನೋಡಿ ತಲೆಯಾಡಿಸಿದರು.

ಇನ್ನು ಉಳಿದದ್ದು ಮತ್ತೆ ಬೀಗ ಹಾಕುವ ಕೆಲಸ. ಅದನ್ನು ಬೇರೆ ಯಾರಿಗಾದರೂ ಒಪ್ಪಿಸಿ ತಪ್ಪಿಸಿಕೊಳ್ಳೋಣವೇ ಎನ್ನಿಸಿತು. ಆಗಲಿಲ್ಲ. ಬಾಗಿಲು ಎಳೆದು, ಬೀಗ ಹಾಕಿ, ಬಟ್ಟೆ ಸುತ್ತಿದೆ. ಅರಗು ಕರಗಿಸಲು ಮೇಣದಬತ್ತಿ ಹಚ್ಚಿದರೆ ಗಾಳಿಗೆ ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ ಸಾಲಗಾರ ಹತ್ತಿರ ಬಂದರು. ಎರಡೂ ಅಂಗೈಗಳನ್ನು ಬತ್ತಿಯ ಸುತ್ತ ಮರೆ ಹಿಡಿದರು. ಅವರ ಕೈಯ ಮರೆಯಲ್ಲಿ ಅರಗು ಕರಗಿತು. ನಾನು ಅವರ ಮನೆಗೆ ಸೀಲು ಒತ್ತಿದೆ.

"ಹೋಗಿ ಬತ್ತೀನಿ ಮೇಡಂ" ಎಂದರು. ಯಾರಿಗೆ ಹೇಳಿದರೋ, ನನಗೋ ಬಾಗಿಲಿಗೋ.

ಮನೆ ಇನ್ನೂ ಹರಾಜಾಗಿಲ್ಲ. ಗುಬ್ಬಿಯಲ್ಲಿ ಮಳೆ ಜೋರಾದಾಗಲೆಲ್ಲ ಆ ಮೊಬೈಲಿಗೆ ಅಜ್ಜಿಯ ಫೋನ್ ಬರುತ್ತದೆ. "ನೀರು ಹೋಯ್ತಾ ಐತೆ ಕಣವ್ವ" ಎನ್ನುತ್ತಾರೆ, ಇಡುತ್ತಾರೆ. ನಾನು ಕುಣಿಗಲ್‌ಗೆ ಫೋನ್ ಮಾಡುತ್ತೇನೆ. ಹಾಗೆ ಮಾಡಬೇಕೆಂದು ಯಾವ ನಿಯಮದಲ್ಲೂ ಇಲ್ಲ. "ನೀರು ಹೋಗ್ತಾ ಇದೆಯಂತೆ" ಎನ್ನುತ್ತೇನೆ. "ಹೂಂ" ಎನ್ನುತ್ತಾರೆ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಫೋನ್ ಇಡುವುದಿಲ್ಲ.